ಅತ್ತೆಯ ಹೆಬ್ಬಾವಿನ ಉಪವಾಸ

ಅತ್ತೆ ಆವಿಸ್ ತಮ್ಮ ಸಾಕು ಹೆಬ್ಬಾವು ಡ್ಯೂಕ್‌ನ ಆರೈಕೆಯ ಬಗ್ಗೆ ಹೇಳುತ್ತಿದ್ದಾಗ ನೆವಿಲ್‌ನ ಕಣ್ಣು ಕಿವಿ ಎರಡೂ ಟೀವಿಯ ಫುಟ್‌ಬಾಲ್ ಮೇಲಿದ್ದವು. ಎಲ್ಲದಕ್ಕೂ "ಆಯ್ತತ್ತೆ, ಆಯ್ತತ್ತೆ" ಅಂದ. ಆಕೆ ಮಂಡಿ ಆಪರೇಷನ್ನಿಗೆಂದು ಬ್ರಿಸ್ಬೇನಿಗೆ ಹೋದರು.

ತಿಂಗಳಾಯಿತು. ಅವರ ಊರು ಟುವೂಂಬಾದಲ್ಲಿ ಜುಲೈ ಎಂದರೆ ಕೊರೆಯುವ ಚಳಿ. ನೆವಿಲ್ ಅಂಗಡಿಯಿಂದ ತಂದು ಫ್ರೀಜರಿನಲ್ಲಿಟ್ಟಿದ್ದ ಸತ್ತ ಇಲಿಗಳಲ್ಲಿ ಡ್ಯೂಕ್ ಒಂದನ್ನೂ ಮುಟ್ಟಿರಲಿಲ್ಲ. ಇವತ್ತು ಸಂಜೆ ಅತ್ತೆ ವಾಪಸ್ಸು. ಹೋದ ವರ್ಷ ಅವರ ಗಿಳಿಯನ್ನು ಹಾರಿಸಿಬಿಟ್ಟಿದ್ದ ನೆವಿಲ್‌ಗೆ ಅತ್ತೆಯ ಕಣ್ಣಲ್ಲಿ ಮನುಷ್ಯನೆನಿಸಿಕೊಳ್ಳಲು ಇದೇ ಕೊನೆಯ ಅವಕಾಶ.

"ಹಾವಿಗೂ ಬೇಡವಾದ ಗಂಡಸು ಕಣೇ ನಾನು" ಎಂದು ಹೆಂಡತಿ ಗ್ಲೆನಿಸ್ ಎದುರು ಗೋಳಾಡಿದ.

"ಅಮ್ಮ ಬರೋ ಹೊತ್ತಿಗೆ ನಾನಂತೂ ಮನೇಲಿರಲ್ಲಪ್ಪ" ಎಂದು ಅವಳು ಕೆಲಸಕ್ಕೆ ಹೊರಟಳು.

ಏಣಿ ಕೇಳಲು ಬಂದ ಪಕ್ಕದ ಮನೆಯ ಮರ್ವ್ ಅಲ್ಲೇ ಝಾಂಡಾ ಊರಿದ. "ಫ್ರೀಜರಿನ ಇಲಿ ಯಾರಿಗಯ್ಯಾ ರುಚಿ? ಬಿಸಿ ಮಾಡು!"

ಗ್ಲೆನಿಸ್‌ಳ ಹೇರ್ ಡ್ರೈಯರಿನಲ್ಲಿ ಇಲಿ ಬಿಸಿಯಾಯಿತು. ಡ್ಯೂಕ್ ತಿರುಗಿಯೂ ನೋಡಲಿಲ್ಲ.

ಎದುರು ಮನೆಯ ಡಾಟ್ ಬಂದಳು. "ಪಾಪ, ನಾಚ್ಕೊತಾನೆ. ಅವನ ಪೆಟ್ಟಿಗೆ ಮೇಲೆ ಬಟ್ಟೆ ಮುಚ್ಚಿ."

ಮುಚ್ಚಿದರು. ತಿಂದನೋ ಇಲ್ಲವೋ ಎಂದು ಮೂವರೂ ಸರದಿಯ ಮೇಲೆ ಬಟ್ಟೆ ಎತ್ತಿ ಇಣುಕಿದರು.

"ಜೀವ ಇರೋ ಹಂಗೆ ಕುಣಿಸಯ್ಯಾ!" ಎಂದ ಮರ್ವ್.

ನೆವಿಲ್ ಮಂಡಿಯೂರಿ, ಇಲಿಯ ಬಾಲ ಹಿಡಿದು ಕುಣಿಸುತ್ತ, ತಾನೇ ಕಿಚಕಿಚ ಎಂದ. ಡ್ಯೂಕ್ ಇಲಿಯನ್ನು ಬಿಟ್ಟು ಅವನ ಹೆಬ್ಬೆರಳು ಕಚ್ಚಿದ.

"ನೋಡಿದ್ರಾ, ಹಸಿವಿದೆ!" ಡಾಟ್ ಚಪ್ಪಾಳೆ ತಟ್ಟಿದಳು.

"ಹಸಿವಲ್ಲಮ್ಮಾ, ನನ್ನ ಕಂಡ್ರೆ ಅಸಹ್ಯ" ಎಂದು ನೆವಿಲ್ ಬೆರಳು ಚೀಪಿದ.

ಅಷ್ಟರಲ್ಲಿ ಹೊರಗೆ ಕಾರು ನಿಂತಿತು. ನೆವಿಲ್ ಇದ್ದಬದ್ದ ಇಲಿಗಳನ್ನೆಲ್ಲ ಬಾಚಿ ಹಿತ್ತಲ ಕಸದ ಡಬ್ಬಿಗೆ ಸುರಿದು ಓಡಿಬಂದ. "ತಿಂದ ಅಂತ್ಲೇ ಹೇಳೋಣ. ನಿಮ್ಗೆ ಕೈ ಮುಗೀತೀನಿ, ಸಾಕ್ಷಿ ಹೇಳಿ!"

ಊರುಗೋಲು ಹಿಡಿದು ಅತ್ತೆ ಒಳಬಂದರು. "ನನ್ನ ಡ್ಯೂಕ್ ಹೇಗಿದಾನೆ?"

"ವಾರ ವಾರ ತಪ್ಪದೆ ಇಲಿ ತಿಂದ, ಅತ್ತೆ!"

"ಈಗ ತಾನೇ ಎರಡು ನುಂಗಿದ. ಕಣ್ಣಾರೆ ನೋಡಿದೀನಿ" ಎಂದ ಮರ್ವ್.

"ಇನ್ನೊಂದು ಕೊಡಿ ಅನ್ನೋ ಹಂಗೆ ನೋಡ್ತಿದ್ದ" ಎಂದು ಡಾಟ್ ಉಪ್ಪುಖಾರ ಹಚ್ಚಿದಳು.

ಅತ್ತೆ ಡ್ಯೂಕ್‌ನನ್ನು ಎತ್ತಿಕೊಂಡು ಹೊಟ್ಟೆ ಸವರಿದರು. ಮುಖ ಅರಳಿತು. "ಗಟ್ಟಿಮುಟ್ಟಾಗಿದಾನೆ, ಸದ್ಯ. ಚಳಿಗಾಲ ಪೂರ್ತಿ ಇವನು ಏನೂ ತಿನ್ನಲ್ಲ, ಬರೀ ನೀರಿಟ್ರೆ ಸಾಕು ಅಂತ ಅವತ್ತೇ ಹೇಳಿದ್ನಲ್ಲ? ಹುಟ್ಟಿದಾಗಿಂದ ಹಿಂಗೇ."

ಅತ್ತೆ ನೆವಿಲ್‌ನನ್ನು ಅಡಿಯಿಂದ ಮುಡಿಯವರೆಗೂ ನೋಡಿದರು.

"ಹಂಗಾದ್ರೆ ವಾರ ವಾರ ತಪ್ಪದೆ ಇಲಿ ತಿಂದೋರು ಯಾರು, ಅಳಿಯಂದ್ರೇ?"

ಇಬ್ಬರು ಸಾಕ್ಷಿಗಳೂ ಒಟ್ಟಿಗೇ ನೆವಿಲ್‌ನ ಕಡೆ ಬೆರಳು ತೋರಿಸಿದರು.