ತೆಳು ಗಾಳಿಯ ಪಾಠ

ಬಂಗಾರಪೇಟೆಯ ಒಂದು ತರಬೇತಿ ಶಾಲೆಯಲ್ಲಿ ನಾನು ವಿಮಾನದ ಎಂಜಿನ್ ಪಾಠ ಹೇಳುತ್ತೇನೆ. ನಮ್ಮಲ್ಲಿ ವಿಮಾನವಿಲ್ಲ, ಸ್ಟ್ಯಾಂಡಿಗೆ ಬಿಗಿದ ಹಳೇ ಪಿಸ್ಟನ್ ಎಂಜಿನ್ ಒಂದಿದೆ. ನೆಲ ಬಿಟ್ಟು ಏಳದ ಆ ಎಂಜಿನ್ನಿನಿಂದ ನಾನು ಪಡುವ ಪಾಡು ಒಂದೆರಡಲ್ಲ.

ಕೆಂಪು ಗುಂಡಿ

ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಪೆಟ್ರೋಲ್ ಮಾತ್ರ ಅಷ್ಟೇ ಸುರಿದರೆ ಎಂಜಿನ್ ಕೆಮ್ಮುತ್ತದೆ, ಅದಕ್ಕೇ ಕೆಂಪು ಗುಂಡಿಯನ್ನು ಚೂರುಚೂರೇ ಹೊರಗೆಳೆದು ಪೆಟ್ರೋಲ್ ಕಮ್ಮಿ ಮಾಡಬೇಕು ಎಂದೆ. ಇಳಿಯುವಾಗ ಮತ್ತೆ ಒಳಕ್ಕೆ ತಳ್ಳಬೇಕು. ಬೂದಿಕೋಟೆಯ ಹುಡುಗಿಯೊಬ್ಬಳು ಉತ್ಸಾಹದಿಂದ ಬಂದು ಗುಂಡಿಯನ್ನು ಪೂರ್ತಿ ಎಳೆದಳು. ಎಂಜಿನ್ ನಿಂತೇಹೋಯಿತು. ಎಷ್ಟು ಎತ್ತರಕ್ಕೆ ಹೋದೆಯಮ್ಮಾ ಅಂತ ಕೇಳಿದೆ.

"ಗಾಳಿ ಮುಗಿಯೋಗಂಟ ಓದೆ ಸಾರ್."

ಮುದ್ದೆ

ಸಂಜೆ ಕೆಜಿಎಫ್‌ನ ಮನೆಯಲ್ಲಿ ಇದನ್ನು ಹೇಳಿದೆ. ಮುದ್ದೆ ತೊಳಸುತ್ತಿದ್ದ ಹೆಂಡತಿಗೆ ಪಾಠವನ್ನೂ ಬಿಡಿಸಿ ಹೇಳಿದೆ. ಅವಳು ಕೋಲು ನಿಲ್ಲಿಸಲಿಲ್ಲ.

"ಇಟ್ಟು ಕಮ್ಮಿ ಇದ್ರೆ ನೀರೂ ಕಮ್ಮಿ ಆಕ್ಬೇಕು. ಇದನ್ನ ಏಳ್ಕೊಡೋಕೆ ನಿಮ್ಗೆ ಸಂಬಳ ಬೇರೆ ಕೊಡ್ತಾರಾ?"

ಮಾವನ ಸ್ಕೂಟರ್

ಅಲ್ಲೇ ಊಟಕ್ಕೆ ಕೂತಿದ್ದ ನಮ್ಮ ಮಾವ ಮಾತ್ರ ಪಾಠವನ್ನು ಗಮನವಿಟ್ಟು ಕೇಳಿಸಿಕೊಂಡಿದ್ದರು. ಚಿನ್ನದ ಗಣಿಯೊಳಗೆ ದುಡಿದು ನಿವೃತ್ತರಾದ ಅವರಿಗೆ ಹಳೇ ಸ್ಕೂಟರೆಂದರೆ ಪ್ರಾಣ. ಆ ಭಾನುವಾರ ಚಿತ್ತೂರಿನಲ್ಲಿ ಕಿರಿಮಗಳ ಮಗುವಿಗೆ ನಾಮಕರಣ, ಕಿವಿಯಲ್ಲಿ ಹೆಸರು ಹೇಳಬೇಕಾದವರು ಇವರೇ. ಬಸ್ಸಿನಲ್ಲಿ ಹೋಗೋಣ ಬನ್ನಿ ಎಂದರೆ ಕೇಳದೆ ಬೆಳಿಗ್ಗೆಯೇ ಸ್ಕೂಟರ್ ಹತ್ತಿ ಹೊರಟರು.

ನಾವು ಚಿತ್ತೂರು ತಲುಪಿ, ಮಗುವನ್ನು ತೊಟ್ಟಿಲಿಗೆ ಹಾಕುವ ಹೊತ್ತಿಗೆ ಮಾವನ ಫೋನ್ ಬಂತು. ಘಾಟ್ ಇಳಿದ ಮೇಲೆ ಗಾಡಿ ನಿಂತಿದೆಯಂತೆ. ನನ್ನ ಪಾಠದ ಪ್ರಕಾರ ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸಿ ಪೆಟ್ರೋಲ್ ಕಮ್ಮಿ ಮಾಡುತ್ತಲೇ ಬಂದಿದ್ದಾರೆ, ಇನ್ನೂ ಎಷ್ಟು ಕಮ್ಮಿ ಮಾಡಲಿ ಅಂತ ಕೇಳುತ್ತಿದ್ದಾರೆ. ನೀವು ಹತ್ತುತ್ತಿಲ್ಲ ಮಾವ, ಇಳಿದಿದ್ದೀರಿ, ಸ್ಕ್ರೂ ವಾಪಸ್ ತಿರುಗಿಸಿ ಎಂದು ಗೋಗರೆದೆ. ಫೋನಿನಲ್ಲೇ ಗಾಡಿ ಗುರ್ ಎಂದಿತು. ಪುರೋಹಿತರನ್ನು ಮಾತಿನಲ್ಲಿ ಕಟ್ಟಿಹಾಕಿದೆವು. ಮಾವ ಬಂದು, ಕೈಗೆ ಮೆತ್ತಿದ ಮಸಿ ತೊಳೆದುಕೊಂಡು, ಮೊಮ್ಮಗಳ ಕಿವಿಯಲ್ಲಿ ಹೆಸರು ಹೇಳಿದಾಗ ಅವರ ಕಣ್ಣು ತುಂಬಿತ್ತು, ನನ್ನದೂ ಅಷ್ಟೇ.

ಊಟವಾದ ಮೇಲೆ ಮೆಲ್ಲಗೆ ಕೇಳಿದೆ: ನಮ್ಮ ಕೆಜಿಎಫೇ ಎತ್ತರದಲ್ಲಿದೆ, ಚಿತ್ತೂರು ತಗ್ಗಿನಲ್ಲಿದೆ, ಅಷ್ಟು ದೊಡ್ಡ ಘಾಟ್ ಇಳಿದರೂ ತಿಳಿಯಲಿಲ್ಲವೇ?

ಮಾವ ಎಲೆಗೆ ಸುಣ್ಣ ಸವರುತ್ತಾ ನನ್ನನ್ನೇ ಕನಿಕರದಿಂದ ನೋಡಿದರು.

"ದಿನಾ ಗಣಿಯೊಳಕ್ಕೆ ಇಳ್ದು ದುಡ್ದೋನು ನಾನು ಅಳಿಯಂದ್ರೆ. ನಂಗೆ ಚಿತ್ತೂರೂ ಬೆಟ್ಟಾನೇ."