ವಾಂತಿ ಮೇಷ್ಟ್ರ ಸನ್ನಿಧಾನಕ್ಕೆ, ಕೇಳಿಸದೆ ಹೋದ ಒಂದು ಉತ್ತರದ ಬಗ್ಗೆ

ವಿಶ್ವವಿದ್ಯಾಲಯದ ಗ್ರಂಥಾಲಯದೆದುರು, ಕೊಳದ ನಟ್ಟನಡುವೆ ಬಾಯಿ ತೆರೆದು ವಿರಾಜಮಾನರಾಗಿರುವ ತಾಮ್ರದ ಕಾರಂಜಿಯವರಿಗೆ, ಭೌತಶಾಸ್ತ್ರ ವಿಭಾಗದ ಅಧ್ಯಾಪಕಿಯೊಬ್ಬಳ ಒದ್ದೊದ್ದೆ ವಂದನೆಗಳು.

ಮಾನ್ಯರೇ,

ತಾವು ಕ್ಷೇಮವೆಂಬುದು ತಮ್ಮ ಸದ್ದಿನಿಂದಲೇ ತಿಳಿಯುತ್ತಿದೆ. ತಮ್ಮ ಗಲ್ಲದ ಕೆಳಗಿನ ಫಲಕ ತಮ್ಮನ್ನು ‘ಜ್ಞಾನದ ಚಿಲುಮೆ’ ಎನ್ನುತ್ತದೆ, ವಿದ್ಯಾರ್ಥಿಗಳು ‘ವಾಂತಿ ಮೇಷ್ಟ್ರು’ ಎನ್ನುತ್ತಾರೆ. ಕೈಕಾಲುಗಳ ಗೊಡವೆಯಿಲ್ಲದೆ ಬರಿಯ ತಲೆಯಾಗಿ ಕೂತು, ಯಾರು ಕೇಳಲಿ ಬಿಡಲಿ, ಇಡೀ ದಿನ ಒಂದೇ ವಿಷಯವನ್ನು ಬಾಯಿಂದ ಸುರಿಸುವ ತಮ್ಮ ಸಾಮರ್ಥ್ಯ ಕಂಡು ನಮ್ಮ ವಿಭಾಗದ ಹಿರಿಯ ಪ್ರಾಧ್ಯಾಪಕರೇ ಹೊಟ್ಟೆಕಿಚ್ಚು ಪಡುತ್ತಾರೆಂದ ಮೇಲೆ, ನನ್ನಂಥವಳ ಹೊಗಳಿಕೆ ತಮಗೆ ಯಾತಕ್ಕೂ ಸಾಲದು.

ತಮ್ಮ ಕೊಳದ ಕಟ್ಟೆಯ ಮೇಲೆ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ಕೂರುವ ಗ್ರಂಥಪಾಲಕರನ್ನು ತಾವು ಬಲ್ಲಿರಿ. ಓದುವವರ ನಡುವೆಯೇ ವಯಸ್ಸು ಕಳೆದ ಅವರ ಮಾತು ಅವರ ಅಂಗಿಯ ಮೊದಲ ಗುಂಡಿಯನ್ನೂ ದಾಟುವುದಿಲ್ಲ. ನನ್ನದೋ, ಹಿಂದಿನ ಬೆಂಚಿನವರ ನಿದ್ದೆ ಕೆಡಿಸಿ ಕೆಡಿಸಿ ಪಳಗಿದ ಗಂಟಲು. ಮದುವೆಯ ಮಾತು ಬಂದಾಗಲೆಲ್ಲ ‘ಆಮೇಲೆ ನೋಡೋಣ’ ಎನ್ನುತ್ತಲೇ ಕೂದಲು ನರೆಸಿಕೊಂಡ ನನಗೆ, ಕೇಳಿದ ಪುಸ್ತಕದ ಜೊತೆ, ನಾನು ಕೇಳದಿದ್ದರೂ ನನಗೆ ಬೇಕಾಗಿದ್ದ ಇನ್ನೊಂದನ್ನೂ ತೆಗೆದಿಟ್ಟಿರುತ್ತಿದ್ದ ಈ ಮನುಷ್ಯ ಇಷ್ಟವಾಗಿಬಿಟ್ಟರು. ಅವರಾಗಿಯೇ ಬಾಯಿಬಿಡುವ ಲಕ್ಷಣ ಕಾಣದ್ದರಿಂದ ನಾನೇ ಕೇಳುವುದೆಂದು ನಿಶ್ಚಯಿಸಿದೆ. ಗ್ರಂಥಾಲಯದಲ್ಲಿ ಮಾತಾಡುವಂತಿಲ್ಲ, ಕ್ಯಾಂಟೀನಿನಲ್ಲಿ ಕುರ್ಚಿಗಿಂತ ಕಿವಿಗಳೇ ಹೆಚ್ಚು. ತಮ್ಮ ಭೋರ್ಗರೆತದ ಮರೆಯಲ್ಲಾದರೆ ನಮ್ಮ ಮಾತು ನಮ್ಮಲ್ಲೇ ಉಳಿದೀತೆಂದು ತಮ್ಮನ್ನೇ ನಂಬಿ ಬಂದೆ.

ಮೊದಲ ಸಲ ಕೇಳಿದಾಗ ಅವರು ಹುಬ್ಬೇರಿಸಿದರು. ಇನ್ನೊಮ್ಮೆ ಕೇಳಿದಾಗ, ಹಸಿವಾಗಿದೆ ಅನ್ನುತ್ತಿದ್ದೇನೆಂದು ತಿಳಿದು ಡಬ್ಬಿಯನ್ನು ನನ್ನತ್ತ ಚಾಚಿದರು. ಕೊನೆಗೆ ಎದೆ ತುಂಬ ಉಸಿರೆಳೆದು, "ನನ್ನನ್ನ ಮದುವೆ ಆಗ್ತೀರಾ?" ಎಂದು ಕೂಗಿದ ಆ ಗಳಿಗೆಯಲ್ಲೇ ತಾವು ಗಪ್ಪಾದಿರಿ. ತಮ್ಮ ಗಂಟಲಿಗೆ ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡಿತ್ತೆಂದು ಆಮೇಲೆ ಮಾಲಿ ಹೇಳಿದರು. ನನ್ನ ಪ್ರಶ್ನೆ ಗ್ರಂಥಾಲಯದ ಗೋಡೆಗೆ ಬಡಿದು, ಆಡಳಿತ ಕಚೇರಿಯ ಕಿಟಕಿಗಳನ್ನು ತಟ್ಟಿ, ತಿರುಗಿ ನನ್ನ ಕಿವಿಗೇ ಬಂದು ಬಿತ್ತು. ಮೇಲಿನ ಮಹಡಿಯ ತರಗತಿಯಿಂದ ಯಾರೋ, "ಆಗಿಬಿಡಿ ಸಾರ್!" ಎಂದು ಶಿಫಾರಸು ಮಾಡಿದರು.

ಗ್ರಂಥಪಾಲಕರು ಕೆಂಪಾಗಿ, ಡಬ್ಬಿ ಮುಚ್ಚಿಟ್ಟು, ಬಾಯಿ ತೆರೆದರು. ತಾವೂ ತೆರೆದಿರಿ. ಚೀಲವನ್ನು ಉಗುಳಿ, ಅಷ್ಟು ಹೊತ್ತು ತಡೆದುಕೊಂಡದ್ದನ್ನೆಲ್ಲ ನಮ್ಮಿಬ್ಬರ ಮೇಲೆ ಧಾರಾಳವಾಗಿ ಸುರಿದಿರಿ. ನನಗೆ ಕಂಡದ್ದು ಅವರ ತುಟಿ ಅಲುಗಿದ್ದಷ್ಟೇ. ‘ಏನಂದಿರಿ?’ ಎಂದು ಕೇಳುವಷ್ಟು ಧೈರ್ಯ ಉಳಿದಿರಲಿಲ್ಲವಾದ್ದರಿಂದ ಮರ್ಯಾದೆಗೆ ತಲೆಯಾಡಿಸಿದೆ. ಅವರು ಕನ್ನಡಕದ ನೀರು ಒರೆಸಿಕೊಳ್ಳುತ್ತ ಒಳಗೆ ಹೋದರು.

ಕ್ಯಾಂಟೀನಿನವರು ನನ್ನ ಟೀಗೆ ಸಕ್ಕರೆ ಹೆಚ್ಚು ಹಾಕಿದ್ದು ಅಭಿನಂದನೆಯೋ ಸಮಾಧಾನವೋ ತಿಳಿಯಲಿಲ್ಲ. ಮನೆಯಲ್ಲಿ ತಂಗಿ, "ಏನಂದ್ರು?" ಎಂದಳು. "ಕೇಳಿಸಲಿಲ್ಲ ಕಣೇ" ಎಂದೆ. "ಮತ್ತೆ ನೀನು?" "ಹೂಂ ಅಂತ ತಲೆ ಆಡಿಸಿದೆ." "ಯಾವುದಕ್ಕೆ?" ಎಂದವಳು ಅಡುಗೆಮನೆಯ ಕಟ್ಟೆ ಹಿಡಿದು ನಕ್ಕ ನಗೆಯನ್ನು ತಮಗೇ ಅರ್ಪಿಸಿದ್ದೇನೆ.

ಮರುದಿನ ಪುಸ್ತಕ ಹಿಂದಿರುಗಿಸುವ ನೆಪದಲ್ಲಿ ಹೋದರೆ, ಅವರು ಕೌಂಟರಿನ ಮೇಲೆ ಬಾಗಿ ಪಿಸುಗುಟ್ಟಿದರು: "ಅಕ್ಕನಿಗೆ ಹೇಳಿದೆ, ಅತ್ತೇಬಿಟ್ಟಳು. ಅಕ್ಕನೂ ನಮ್ಮ ಜೊತೇಲೇ ಇರ್ತಾಳೆ ಅಂದ ಕೂಡಲೇ ಹಿಂದೆ ಸಂಬಂಧ ಕೇಳಿ ಬಂದವರೆಲ್ಲ ಎದ್ದು ಹೋದ್ರು. ಒಂದು ಕ್ಷಣಾನೂ ಯೋಚಿಸದೆ ತಲೆ ಆಡಿಸಿದ್ದು ನೀವೊಬ್ರೇ."

ಅಕ್ಕನೆಂದರೆ ಸಾಮಾನ್ಯರಲ್ಲ, ನಿವೃತ್ತ ಮುಖ್ಯೋಪಾಧ್ಯಾಯಿನಿ. ಆಕೆ ಕೆಮ್ಮಿದರೆ ಬೀದಿಯ ವಾಹನಗಳೂ ಸಾಲಾಗಿ ನಿಲ್ಲುತ್ತವೆಂದು ಕೇಳಿದ್ದೇನೆ. ಆಗಲೂ ನಾನು ಸುಮ್ಮನಿದ್ದುಬಿಡಬಹುದಿತ್ತು. ಆದರೆ ಅವರ ಕಣ್ಣಿನಲ್ಲಿದ್ದ ಕೃತಜ್ಞತೆ ನನಗೆ ಸಲ್ಲಬೇಕಾದದ್ದಲ್ಲವೆನಿಸಿ, "ನನಗೆ ನಿನ್ನೆ ಒಂದಕ್ಷರಾನೂ ಕೇಳಿಸಿರಲಿಲ್ಲ" ಎಂದುಬಿಟ್ಟೆ. ಅವರ ಮುಖ ಇಳಿಯಿತು. ಪುಸ್ತಕಕ್ಕೆ ಮುದ್ರೆ ಒತ್ತಿದರು, ಒತ್ತಿದ ಕಡೆಯೇ ಇನ್ನೊಮ್ಮೆ ಒತ್ತಿದರು. "ಈಗ ಕೇಳಿಸಿತಲ್ಲ," ಎಂದರು, "ಈಗ ಏನು ಹೇಳ್ತೀರಿ?"

ತಾವು ಹತ್ತಿರದಲ್ಲಿಲ್ಲದ ಕಾರಣ ಯೋಚಿಸಲು ಸಾಧ್ಯವಾಯಿತು. "ನಮ್ಮನೆ ಹಿಂದಿನ ಕೋಣೆಗೆ ಎರಡೂ ಕಡೆ ಕಿಟಕಿ ಇದೆ," ಎಂದೆ. "ಅಕ್ಕನಿಗೆ ಗಾಳಿ ಚೆನ್ನಾಗಿ ಬರುತ್ತೆ." ಆ ಮೆಲುದನಿಯ ಮನುಷ್ಯ ಗ್ರಂಥಾಲಯದ ನಡುವೆ ಗಹಗಹಿಸಿ ನಕ್ಕುಬಿಟ್ಟರು. ಓದುಗರೆಲ್ಲ ಒಟ್ಟಿಗೇ "ಶ್!" ಎಂದರು.

ಆದುದರಿಂದ ಮಾನ್ಯರೇ, ಇನ್ನು ಮುಂದೆ ತಾವು ಪ್ರಶ್ನೆಗೆ ಬಾಯಿ ಮುಚ್ಚುವ ಬದಲು ಉತ್ತರಕ್ಕೆ ಮುಚ್ಚಬೇಕೆಂದೂ, ಅದಾಗದಿದ್ದಲ್ಲಿ ತುಟಿ ನೋಡಿ ಮಾತು ತಿಳಿಯುವ ವಿದ್ಯೆ ಕಲಿತು ಕಟ್ಟೆಯಲ್ಲಿ ಕೂತವರಿಗೆ ನೆರವಾಗಬೇಕೆಂದೂ, ಅದೂ ಆಗದಿದ್ದಲ್ಲಿ ಒಂದು ದಿನವಾದರೂ ತಮ್ಮ ಜ್ಞಾನವನ್ನು ತಾವೇ ನುಂಗಿ ರುಚಿ ನೋಡಬೇಕೆಂದೂ ತಲೆಬಾಗಿ ಪ್ರಾರ್ಥಿಸುವ,

ಇನ್ನೂ ಪೂರ್ತಿ ಒಣಗದ,
ತಮ್ಮ ವಿಶ್ವಾಸಿ

ತಾ.ಕ.: ಸೋಮವಾರ ಅಕ್ಕನವರು ಖುದ್ದಾಗಿ ತಮ್ಮ ದರ್ಶನಕ್ಕೆ ಬರುತ್ತಿದ್ದಾರೆ. ಇಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕುವವರನ್ನು ಸರಿದಾರಿಗೆ ತರುವುದರಲ್ಲಿ ಆಕೆ ಈವರೆಗೆ ಸೋತದ್ದಿಲ್ಲ. ಕಿವಿ ಇಲ್ಲದ ಹಾಗೆ ತಮ್ಮನ್ನು ಎರಕ ಹೊಯ್ದ ಶಿಲ್ಪಿಗೆ ಅಂದು ತಾವು ಮನಸಾರೆ ಋಣಿಯಾಗಿರುತ್ತೀರಿ.