ಗೆರೆ ದಾಟದ ರಾಚಪ್ಪನ ದಂಡಯಾತ್ರೆ

ಹೇ ಮಾಂಸಖಂಡಗಳೇ, ಹೇ ಸಂಧಿಬಂಧಗಳೇ, ದೇಹಭಾರವನ್ನೆಲ್ಲ ತುಟಿಪಿಟಕ್ಕೆನ್ನದೆ ಹೊತ್ತು ನಿಂತ ಅಸ್ಥಿಗಳೇ, ಇವೆಲ್ಲವನ್ನೂ ಮುಚ್ಚಿ ಮಾನ ಕಾಯುವ ಚರ್ಮವೇ, ನಿಮಗೆ ಸಾಷ್ಟಾಂಗ ವಂದನೆ! ಕುರ್ಚಿಯಲ್ಲಿ ಕುಳಿತೇ ಮೊಬೈಲಿನಲ್ಲಿ ಹೆಜ್ಜೆ ಎಣಿಸುವ ಈ ಕಲಿಯುಗದಲ್ಲಿ, ಗದುಗಿನ ಕ್ರೀಡಾಂಗಣದಲ್ಲಿ, ಸರಕಾರಿ ನೌಕರರ ಕ್ರೀಡಾಕೂಟವೆಂಬ ಮಹಾಸಂಗ್ರಾಮದಲ್ಲಿ ನಿಮ್ಮ ಸಹನೆಯನ್ನು ಪರೀಕ್ಷಿಸಿದ ಸಕಲಸೀಮಾಮಾಪನಧುರಂಧರ, ಸರಪಳಿಪಾಣಿ, ಬದು-ಕಲಹಭಂಜನ, ಭೂಮಾಪನ ಇಲಾಖೆಯ ಹಿರಿಯ ಸರ್ವೇಯರ್ ರಾಚಪ್ಪನ ಕಥೆಯಿದು. ಹೇಳುವ ನಾಲಿಗೆಗೆ ನಗದಿರುವ ಶಕ್ತಿ ಕೊಡಿ.

ಆ ವೀರನ ಎದೆಯಲ್ಲಿ ಒಂದು ಹಳೆಯ ಗಾಯವಿತ್ತು. ಮದುವೆಯಾದ ಮರುದಿನ ಮಾವನ ಊರಿನ ಕಬಡ್ಡಿ ಕಣದಲ್ಲಿ ಹೆಂಡತಿಯ ತಮ್ಮ ಈರಣ್ಣ, ಆಗಿನ್ನೂ ಮೀಸೆ ಚಿಗುರದ ಹುಡುಗ, ಹೊಸ ಅಳಿಯನ ಕೈಗೆ ಸಿಗದೆ ಮೀನಿನಂತೆ ನುಣುಚಿಕೊಂಡಿದ್ದ. ಅಂದಿನಿಂದ ಪ್ರತಿ ನಾಗರಪಂಚಮಿಗೆ ಶೇಂಗಾ ಉಂಡಿಯ ಜತೆ ಆ ಕಥೆಯೂ ಬಡಿಸಲ್ಪಡುತ್ತಿತ್ತು. ಬರುವ ತಿಂಗಳು ರಾಚಪ್ಪನ ನಿವೃತ್ತಿ. ಆಮೇಲೆ ಈ ಕೂಟದಲ್ಲಿ ಆಡುವ ಹಕ್ಕಿಲ್ಲ. ಇಂದಿನ ಕಬಡ್ಡಿ ಪಂದ್ಯದಲ್ಲಿ ಎದುರಾಳಿ ಅರಣ್ಯ ಇಲಾಖೆಯ ತಂಡಕ್ಕೆ ಈರಣ್ಣನೇ ನಾಯಕ. ಇಂದು ಮುಟ್ಟದಿದ್ದರೆ ಎಂದೆಂದಿಗೂ ಇಲ್ಲ.

ಶಾಮಿಯಾನದ ನೆರಳಿನಿಂದ ಹೆಂಡತಿ ಸುವರ್ಣಾ ಥರ್ಮಾಸ್ ಹಿಡಿದುಕೊಂಡೇ ಎಚ್ಚರಿಸಿದಳು.

“ರೀ, ಎಲ್ಲಾರೂ ಓಡಾಡಿ ಮೈ ಬೆಚ್ಚಗ ಮಾಡ್ಕೊಳ್ಳಾಕತ್ಯಾರ. ನೀವೂ ಒಂಚೂರು ಕೈಕಾಲು ಜಾಡಿಸ್ಕೋರಿ.”

“ಸುವರ್ಣಾ! ಸಿಂಹ ಬ್ಯಾಟಿಗೆ ಹೋಗೂ ಮುಂದ ಬೈಠಕ್ ಹೊಡೀತೈತೇನು?”

“ಸಿಂಹ ಒಂದು ಪ್ಲೇಟು ಮಿರ್ಚಿ ಭಜಿ ತಿಂದು ಬ್ಯಾಟಿಗೆ ಹೋಗೂದಿಲ್ಲರಿ.”

ಇಂಥ ಕ್ಷುಲ್ಲಕ ವಾದಕ್ಕೆ ಉತ್ತರಿಸುವುದು ವೀರಧರ್ಮವಲ್ಲವೆಂದು ಬಗೆದು, ಚಡ್ಡಿಯ ಲಾಡಿಯನ್ನು ಮತ್ತೊಮ್ಮೆ ಬಿಗಿದು, ಹೊಟ್ಟೆಯನ್ನು ಉಸಿರಿನ ಬಲದಿಂದ ಒಳಕ್ಕೆಳೆದುಕೊಂಡು ರಾಚಪ್ಪ ರಣಾಂಗಣವನ್ನು ಪ್ರವೇಶಿಸಿದ. ಆಚೆ ಬದಿಯಲ್ಲಿ ಕಾನನಪಾಲಕಪಡೆ ಕೈಕೈ ಹಿಡಿದು ನಿಂತಿತ್ತು. ನಡುವೆ ಸುಣ್ಣದ ಒಂದು ಬಿಳಿ ಗೆರೆ ಮಾತ್ರ.

“ಬರ್ರಿ ಮಾಮಾ, ಸೊಂಟ ಹುಷಾರ್ರಿ,” ಎಂದ ಈರಣ್ಣ.

ಆಗ ರಾಚಪ್ಪನ ಸಿಂಹನಾದ ಮೊಳಗಿತು. “ಲೇ ಈರಣ್ಣಾ! ನರಗುಂದದಿಂದ ಮುಂಡರಗಿತನಕ ನಾ ಸರಪಳಿ ಎಳೀಲಾರದ ಹೊಲಾ ಇಲ್ಲ, ನಾ ದಾಟಲಾರದ ಬದು ಇಲ್ಲ! ಇವತ್ತ ನಿನ್ನ ಮುಟ್ಟಲಿಲ್ಲಂದ್ರ ಪಂಚಮಿಗೆ ನಿಮ್ಮನಿ ಉಂಡಿ ಮುಟ್ಟೂದಿಲ್ಲ!”

ಶಾಮಿಯಾನದಲ್ಲಿ ಸುವರ್ಣಾ ಎದೆಯ ಮೇಲೆ ಕೈಯಿಟ್ಟುಕೊಂಡಳು. ಉಂಡಿಯ ಮುಂದೆ ತನ್ನ ಗಂಡನ ಗತಿಯೇನೆಂಬುದು ಅವಳಿಗಲ್ಲದೆ ಇನ್ನಾರಿಗೆ ಗೊತ್ತು?

ಅಂಪೈರ್ ಪಿ.ಟಿ. ಮಾಸ್ತರ ಕಲ್ಲಯ್ಯ ಶಿಳ್ಳೆ ಊದಿದರು. ದಾಳಿಗೆ ಹೊರಡುವವನು ಮೊದಲು ಬಗ್ಗಿ ನೆಲ ಮುಟ್ಟಿ ಹಣೆಗೊತ್ತಿಕೊಳ್ಳಬೇಕು. ಅದು ಕಣದ ಮರ್ಯಾದೆ. ಮೊಣಕಾಲು ಮಡಿಸಿ ಬಗ್ಗುವುದು ಮುದುಕರ ಲಕ್ಷಣವೆಂದು ರಾಚಪ್ಪ ನೆಟ್ಟಗಿನ ಕಾಲಿನಲ್ಲೇ ಸರ್ರನೆ ಬಗ್ಗಿದ. ಬೆರಳು ಸುಣ್ಣ ಮುಟ್ಟಿದ್ದೇ ತಡ, ಬಲತೊಡೆಯ ಹಿಂದೆ ಏನೋ ಚಟ್ಟೆಂದಿತು. ಬಗ್ಗಿದವನು ಬಗ್ಗಿಯೇ ಉಳಿದ.

“ಏನ್ ಭಕ್ತೀರಿ ಇವರದು!” ಎಂದು ಯಾರೋ ಉದ್ಗರಿಸಿದರು. ವೀರನ ಮುಚ್ಚಿದ ಕಣ್ಣುಗಳಿಂದ ನೀರು ಹರಿಯುವುದನ್ನು ಕಂಡು ವೈರಿಪಡೆಯೂ ಕೈಮುಗಿಯಿತು. ಮುಖ್ಯ ಅತಿಥಿಗಳು ಟೊಪ್ಪಿಗೆ ತೆಗೆದು ಎದ್ದು ನಿಂತರು. ಒಳಗೊಳಗೆ ರಾಚಪ್ಪ ಭೂಮಿ ಬಾಯಿಬಿಡಲೆಂದು ಬೇಡಿಕೊಳ್ಳುತ್ತಿದ್ದ. ಸುವರ್ಣಾ ಮಾತ್ರ ಥರ್ಮಾಸ್ ಕೆಳಗಿಟ್ಟು ಓಡಿ ಬಂದಳು. ದೇವರ ಮುಂದೆ ಸಹ ಆತ ಅಷ್ಟು ಹೊತ್ತು ಬಗ್ಗಿದವನಲ್ಲ.

“ಮಾಸ್ತರ,” ಎಂಬ ಕ್ಷೀಣಧ್ವನಿ ನೆಲದ ಕಡೆಯಿಂದ ಕೇಳಿಸಿತು, “ಏಳಾಕ ಆಗವಲ್ದು.”

ಎರಡೂ ಸೇನೆಗಳು ಕಲಸುಮೇಲೋಗರವಾದವು. ಎಲುಬು ಮುರಿಯಿತೆಂದ ಒಬ್ಬ, ಕೀಲು ತಪ್ಪಿತೆಂದ ಇನ್ನೊಬ್ಬ, ಬಿಸಿ ಎಣ್ಣೆ ಹಾಕಿ ತಿಕ್ಕಿರೆಂದು ತೋಳೇರಿಸಿದ ಮತ್ತೊಬ್ಬ. ಕಲ್ಲಯ್ಯ ಮಾಸ್ತರು ರಾಚಪ್ಪನನ್ನು ಮೆಲ್ಲಗೆ ಮಲಗಿಸಿ, ಮುಟ್ಟಿ ನೋಡಿ, ಎಲ್ಲರನ್ನೂ ಗದರಿಸಿದರು.

“ಸುಮ್ನಿರ್ರಿ! ಎಲುಬು ಮುರದಿಲ್ಲ, ಕಾಲೂರಿ ನಿಂತಿದ್ರಲ್ಲ. ಮೊಣಕಾಲು ಬಾತಿಲ್ಲ, ಕೀಲು ನೆಟ್ಟಗೈತಿ. ತೊಡಿ ಹಿಂದಿನ ಸ್ನಾಯು ಹರದಂಗಾಗೇತಿ. ತಣ್ಣನ್ನ ಮೈಲೇ ಒಮ್ಮೆಲೆ ಬಗ್ಗಿದ್ರ ಮತ್ತೇನಾದೀತು? ತಿಕ್ಕಬ್ಯಾಡ್ರಿ, ಬಿಸಿ ಹಚ್ಚಬ್ಯಾಡ್ರಿ. ಐಸ್ ತರ್ರಿ, ಪಟ್ಟಿ ಕಟ್ಟೂಣು, ಕಾಲು ಎತ್ತರಕ್ಕ ಇಟ್ಟು ಮಲಗಲಿ.”

“ಚರ್ಮರೀ?” ಎಂದು ರಾಚಪ್ಪ ನರಳಿದ.

“ಚರ್ಮಕ್ಕೇನೂ ಆಗಿಲ್ಲರಿ. ಬೆರಳಿಗೆ ಸುಣ್ಣ ಹತ್ತೈತಿ.”

ಗೇಟಿನ ಬಳಿಯ ಕಬ್ಬಿನ ಹಾಲಿನ ಗಾಡಿಯಿಂದ ಐಸು ತರಲು ಜನ ಓಡಿದರು. ಅಷ್ಟರಲ್ಲಿ ಈರಣ್ಣ ಗೆರೆ ದಾಟಿ ಬಂದು ಹೆಗಲು ಕೊಟ್ಟ. ರಾಚಪ್ಪ ಒಂಟಿಕಾಲಿನಲ್ಲಿ ಎದ್ದು ಆ ಹೆಗಲ ಮೇಲೆ ಕೈ ಹಾಕಿದ. ಹಾಕಿದವನು ಒಮ್ಮೆಲೆ ಕಣ್ಣರಳಿಸಿದ.

“ಮಾಸ್ತರ, ಮುಟ್ಟೀನಿ!”

“ರಾಚಪ್ಪನವರ, ನೀವಿನ್ನೂ ಕಬಡ್ಡಿ ಅಂದೇ ಇಲ್ಲಲ್ರೀ.”

“ಕಬಡ್ಡಿ, ಕಬಡ್ಡಿ, ಕಬ... ಅಯ್ಯವ್ವಾ!”

ಈರಣ್ಣ ನಗಲೆಂದು ಬಾಯಿ ತೆರೆದ. ಆ ಒದ್ದೆ ಕಣ್ಣುಗಳೊಳಗಿನ ಆಸೆಯನ್ನು ಕಂಡು ಮುಚ್ಚಿದ. ಪಾಪ ಎನಿಸಿತು, ಪ್ರೀತಿಯೂ ಉಕ್ಕಿತು.

“ಆತು ಮಾಮಾ,” ಎಂದ, ಕಣದ ತುದಿಯವರೆಗೂ ಕೇಳಿಸುವಂತೆ. “ನಾ ಔಟ್.”

ಔಟಾದವನು ಹೊರಗೆ ನಡೆಯಬೇಕಾದುದು ನಿಯಮ. ಈರಣ್ಣ ನಡೆದ, ಅವನ ಹೆಗಲಿಗೆ ಜೋತುಬಿದ್ದು ಮುಟ್ಟಿದವನೂ ಕುಂಟುತ್ತ ಹೊರಗೆ ನಡೆದ. ಜಿಲ್ಲೆಯ ಬದುಗಳನ್ನೆಲ್ಲ ದಾಟಿದ ಆ ಮಹಾವೀರನಿಗೆ ಸುಣ್ಣದ ಆ ಗೆರೆಯೊಂದನ್ನು ದಾಟುವ ಯೋಗ ಕೊನೆಗೂ ಬರಲಿಲ್ಲ. ಪಂದ್ಯವನ್ನು ಅರಣ್ಯ ಇಲಾಖೆಯವರು ಗೆದ್ದುಕೊಂಡು ಹೋದರು.

ಶಾಮಿಯಾನದ ಬೆಂಚಿನ ಮೇಲೆ, ಶುಂಠಿ-ನಿಂಬೆಯ ವಾಸನೆಯ ಐಸನ್ನು ಟವೆಲಿನಲ್ಲಿ ಸುತ್ತಿ ತೊಡೆಯಡಿ ಇಟ್ಟುಕೊಂಡು, ವಿಜಯಿ ರಾಚಪ್ಪ ಮಲಗಿದ್ದ.

“ಸುವರ್ಣಾ, ಪಂಚಮಿಗೆ ಉಂಡಿ ತಿನ್ನಬಹುದಲ್ಲ?”

“ತಿನ್ನೂವಂತ್ರಿ,” ಎಂದು ಅವಳು ಥರ್ಮಾಸಿನ ಮುಚ್ಚಳಕ್ಕೆ ಚಹಾ ಸುರಿದಳು. “ಮೊದಲ ಬಾಯಿ ಬೆಚ್ಚಗ ಮಾಡ್ಕೋರಿ.”